ಅಕ್ಕನ ಮೂವತ್ತೆಂಟು

ಅವತ್ತು ಬೆಳಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ನನ್ನ ಮಗಳು ಕೇಳಿದಳು, "ಅಲ್ಲಮ್ಮ, ಒಂದೇ ಒಂದು ಮಾತು ಹೇಳೋಕೆ ಅಷ್ಟು ದೂರ ಹೋಗಬೇಕಾ? ಫೋನಲ್ಲೇ ಹೇಳಿದ್ರೆ ಆಗಲ್ವಾ?"

ಅವಳಿಗೆ ಹದಿನಾರು. ಯಾರನ್ನು ಎಲ್ಲಿ ಚುಚ್ಚಬೇಕು ಎಂಬುದು ಚೆನ್ನಾಗಿ ಗೊತ್ತಿರುವ ವಯಸ್ಸು. ಹಿಂದಿನ ಸಂಜೆ ನಾನೇ ಬಾಯಿಬಿಟ್ಟು ಸಿಕ್ಕಿಹಾಕಿಕೊಂಡಿದ್ದೆ. ರಾಕೆಟ್ ಎಂಜಿನ್ ಪರೀಕ್ಷೆ ಮಾಡುವ ದಿನ ಒಬ್ಬರು ವಾಲ್ವ್ ನೋಡುತ್ತಾರೆ, ಒಬ್ಬರು ಒತ್ತಡ ನೋಡುತ್ತಾರೆ, ಒಬ್ಬಳು ಎಣಿಕೆ ಹೇಳುತ್ತಾಳೆ ಎಂದೆಲ್ಲ ವರ್ಣಿಸಿದ ಮೇಲೆ, "ಮತ್ತೆ ನೀನೇನು ಮಾಡ್ತೀಯ?" ಎಂದು ಕೇಳಿದ್ದಳು. ಎಲ್ಲರದ್ದೂ ಆದಮೇಲೆ ನಾನು 'ಸಿದ್ಧ' ಅನ್ನುತ್ತೇನೆ ಎಂದಿದ್ದೆ. ಅಷ್ಟೇನಾ ಎಂದಿದ್ದಳು. ಅಷ್ಟೇ ಎಂದಿದ್ದೆ.

"ಮನೇಲಿ ಇಷ್ಟು ಮಾತಾಡೋಳು ಅಲ್ಲಿ ಒಂದೇ ಮಾತಲ್ಲಿ ಮುಗಿಸ್ತಾಳೆ ಅಂದ್ರೆ, ಆ ಕೆಲಸಕ್ಕೆ ನಾನೂ ಅರ್ಜಿ ಹಾಕ್ತೀನಿ, ನೋಡೋಕಾದ್ರೂ ಸಿಗುತ್ತೆ," ಎಂದು ನನ್ನ ಗಂಡ ಒಲೆಯ ಕಡೆಯಿಂದ ತನ್ನ ಪಾಲು ಸೇರಿಸಿದ. ಅವನು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾನೆ. ಬೆಳಗ್ಗೆ ಏಳಕ್ಕೇ ಅವನ ನಾಲಿಗೆ ಚುರುಕಾಗಿರುತ್ತದೆ. ನಾನು ಚೀಲ ಎತ್ತಿಕೊಂಡು ಹೊರಟೆ.

ನಮ್ಮ ಪರೀಕ್ಷಾ ಬಂಕರಿನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದೆಲ್ಲ ಅದರೊಳಗೇ ನಡೆಯಿತು. ಅದು ನೆಲದಲ್ಲಿ ಅರ್ಧ ಹುಗಿದ ಕಾಂಕ್ರೀಟಿನ ಕೋಣೆ. ಕಿಟಕಿ ಇಲ್ಲ. ಹನ್ನೆರಡು ಕುರ್ಚಿ, ಅದರಲ್ಲೊಂದು ಕುಂಟು. ಗೋಡೆಯ ತುಂಬ ಪರದೆಗಳು. ಮೂಲೆಯಲ್ಲೊಂದು ಶೌಚಾಲಯ, ಅದಕ್ಕೆ ಚಿಲಕ ಸರಿಯಿಲ್ಲ, ಒಳಗೆ ಹೋದವರು ಆಗಾಗ ಕೆಮ್ಮುತ್ತಿರಬೇಕು. ಫೋನುಗಳನ್ನು ಗೇಟಿನಲ್ಲೇ ಮರದ ಗೂಡುಗಳಲ್ಲಿ ಇಟ್ಟು ಬರಬೇಕು. ಪರೀಕ್ಷೆಗೆ ಒಂದು ಗಂಟೆ ಮುಂಚೆ ಟ್ಯಾಂಕುಗಳಿಗೆ ಇಂಧನ ತುಂಬತೊಡಗಿದಾಗ ಉಕ್ಕಿನ ಬಾಗಿಲು ಮುಚ್ಚುತ್ತದೆ. ಮುಚ್ಚಿದ ಮೇಲೆ ಆ ಟ್ಯಾಂಕುಗಳು ಖಾಲಿಯಾಗುವವರೆಗೆ ಯಾರೂ ಹೊರಗೆ ಹೋಗುವ ಹಾಗಿಲ್ಲ. ಉರಿದು ಖಾಲಿಯಾದರೆ ಎರಡು ನಿಮಿಷ, ಉರಿಸದೆ ಹಿಂದಕ್ಕೆ ಇಳಿಸಬೇಕಾದರೆ ನಾಲ್ಕು ಗಂಟೆ. ಹೊಟ್ಟೆನೋವು ಬಂದರೂ ಅಷ್ಟೇ, ಜಗಳ ಬಂದರೂ ಅಷ್ಟೇ.

ಅವತ್ತಿಗೆ ಮುಂಚೆ, ಇಪ್ಪತ್ತೆರಡು ವರ್ಷದಲ್ಲಿ ನಲವತ್ತೊಂದು ಸಲ ಆ ಬಾಗಿಲು ನನ್ನ ಹಿಂದೆ ಮುಚ್ಚಿತ್ತು. ನಲವತ್ತೊಂದು ಸಲ 'ಸಿದ್ಧ' ಎಂದಿದ್ದೆ. ಆರು ನಿಮಿಷ ಬಾಕಿ ಇರುವಾಗ ಎಣಿಕೆಯವಳು ಒಬ್ಬೊಬ್ಬರ ಕೆಲಸದ ಹೆಸರು ಕೂಗುತ್ತಾಳೆ, ಕೂಗಿಸಿಕೊಂಡವರು 'ಸಿದ್ಧ' ಎನ್ನುತ್ತಾರೆ. ಕೊನೆಯದು 'ಲೆಕ್ಕ'. ಅದು ನಾನು. ಎಂಜಿನ್ ಒಡೆಯುವುದಿಲ್ಲ ಎಂದು ಕಾಗದದ ಮೇಲೆ ತೋರಿಸಿದವರೇ ಕೊನೆಗೆ ಬಾಯಲ್ಲೂ ಹೇಳಬೇಕು ಎಂಬುದು ಹಳೆಯ ಪದ್ಧತಿ.

ನನ್ನ ಲೆಕ್ಕವೆಂದರೆ ಒಂದು ಅಂಕಿ. ರಾಕೆಟ್ ಎಂಜಿನ್ನಿನ ಒಳಗೆ ಇಂಧನ ಉರಿಯುವಾಗ ಒಮ್ಮೊಮ್ಮೆ ಒತ್ತಡಕ್ಕೆ ಹುಚ್ಚು ಹಿಡಿಯುತ್ತದೆ. ನೆಟ್ಟಗೆ ಕೆಳಗೆ ಹೋಗುವುದನ್ನು ಬಿಟ್ಟು ಈ ಗೋಡೆಯಿಂದ ಆ ಗೋಡೆಗೆ ಹೊಯ್ದಾಡುತ್ತದೆ. ತುಂಬಿದ ಬೋಗುಣಿ ಹಿಡಿದು ಮಗು ಓಡಿದರೆ ನೀರು ಹೊಯ್ದಾಡುತ್ತದಲ್ಲ, ಹಾಗೆ. ಆದರೆ ಇದು ಸೆಕೆಂಡಿಗೆ ಸಾವಿರಾರು ಸಲ, ಅರ್ಧ ಸೆಕೆಂಡ್ ಸಿಕ್ಕರೆ ಸಾಕು, ಲೋಹದ ಗೋಡೆ ಕರಗಿ ತೂತಾಗುತ್ತದೆ. ಹಾಗೆ ಹೊಯ್ದಾಟ ಎದ್ದರೂ ನಮ್ಮ ವಿನ್ಯಾಸದಲ್ಲಿ ಅದು ಪ್ರತಿ ಸುತ್ತಿಗೆ ನೂರಕ್ಕೆ ಮೂವತ್ತೆಂಟು ಭಾಗ ತಾನಾಗಿಯೇ ತಗ್ಗುತ್ತದೆ ಎಂದು ನಾನು ಮೂವತ್ತನೇ ವಯಸ್ಸಿನಲ್ಲಿ ಸಾಧಿಸಿ ತೋರಿಸಿದೆ. ಪುಟ್ಟ ತಾಮ್ರದ ಎಂಜಿನ್ನನ್ನು ಮೂರು ಮೂರು ಸೆಕೆಂಡಿನಂತೆ ಹದಿಮೂರು ಸಲ ಉರಿಸಿ ಅಳೆದ ಅಂಕಿ ಅದು. ಪ್ರಯೋಗಾಲಯದ ತುಂಬ ಅದಕ್ಕೆ 'ಅಕ್ಕನ ಮೂವತ್ತೆಂಟು' ಎಂದೇ ಹೆಸರು. ಅಲ್ಲಿ ಎಲ್ಲರೂ ನನ್ನನ್ನು ಕರೆಯುವುದು ಅಕ್ಕ ಎಂದೇ, ನನಗಿಂತ ದೊಡ್ಡವರೂ. ಮೂವತ್ತೆಂಟು ನನ್ನ ವಯಸ್ಸು ಎಂದುಕೊಂಡ ಹೊಸಬರೂ ಇದ್ದರು. ನಾನು ತಿದ್ದಲು ಹೋಗಲಿಲ್ಲ.

ಆ ಅಂಕಿ ನನಗೆ ಕುರ್ಚಿ ಕೊಟ್ಟಿತು, ಕೋಣೆ ಕೊಟ್ಟಿತು, ಬಾಗಿಲ ಮೇಲೆ ಹಿತ್ತಾಳೆಯ ಫಲಕ ಕೊಟ್ಟಿತು. ಆಮೇಲೆ ಬಿಡಲಿಲ್ಲ. ಹೊಸ ಎಂಜಿನ್ ಬಂದಾಗೆಲ್ಲ ಅದಕ್ಕೆ ಮೂವತ್ತೆಂಟು ಹೊಂದುತ್ತದೆಯೇ ನೋಡು ಎನ್ನುತ್ತಿದ್ದರು, ನೋಡುತ್ತಿದ್ದೆ. ಮೂವತ್ತಾರರ ಹೊತ್ತಿಗೆ ಕೃತಕ ಹೃದಯದ ಕವಾಟ ಮಾಡುವ ವೈದ್ಯರ ಗುಂಪೊಂದು ನನ್ನನ್ನು ಕರೆಯಿತು. ರಕ್ತವೂ ಹರಿಯುವ ವಸ್ತುವೇ ತಾನೆ, ಅದು ಕವಾಟದ ಹಿಂದೆ ಎಲ್ಲಿ ಸುಳಿಯಾಗಿ ನಿಂತು ಹೆಪ್ಪುಗಟ್ಟುತ್ತದೆ ಎಂದು ಹುಡುಕುವ ಕೆಲಸ. ನನಗೆ ನಾಲ್ಕು ದಿನ ನಿದ್ದೆ ಬರಲಿಲ್ಲ, ಅಷ್ಟು ಆಸೆಯಾಗಿತ್ತು. ಡೈರೆಕ್ಟರರ ಹತ್ತಿರ ಹೇಳಿದೆ. ಅವರು ನನ್ನ ಗುರು, ನನ್ನ ಪ್ರಬಂಧಕ್ಕೆ ಸಹಿ ಹಾಕಿದವರು. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸುತ್ತಾ, "ಹೋಗಮ್ಮ. ಆದ್ರೆ ಮೂವತ್ತೆಂಟನ್ನ ಯಾರು ನೋಡ್ಕೋತಾರೆ? ಹೆತ್ತವಳೇ ಬಿಟ್ಟು ಹೋದ್ರೆ?" ಎಂದರು. ನಾನು ಉಳಿದೆ. ಆ ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯದೆ ಹದಿನಾರು ವರ್ಷದಿಂದ ಗಂಡನ ಮೇಲೆ ತೀರಿಸಿಕೊಳ್ಳುತ್ತಿದ್ದೇನೆ.

ಇಷ್ಟು ವರ್ಷ ನಮ್ಮ ಎಂಜಿನ್ನುಗಳ ಒಳಗೆ ಬ್ಯಾಫಲ್ ಎನ್ನುವ ಲೋಹದ ತಡಿಕೆಗಳಿರುತ್ತಿದ್ದವು. ಒತ್ತಡ ಪಕ್ಕಕ್ಕೆ ಹೊಯ್ದಾಡಲು ಹೋದರೆ ಅವು ಅಡ್ಡ ನಿಲ್ಲುತ್ತಿದ್ದವು. ಈ ಹೊಸ ದೊಡ್ಡ ಎಂಜಿನ್ನಿನಲ್ಲಿ ಮಾತ್ರ ತೂಕ ಇಳಿಸಲು ತಡಿಕೆಗಳನ್ನು ತೆಗೆದಿದ್ದರು. ಯಾವ ಧೈರ್ಯದ ಮೇಲೆ ಎಂದರೆ ನನ್ನ ಮೂವತ್ತೆಂಟರ ಧೈರ್ಯದ ಮೇಲೆ. ಎರಡು ಸೆಕೆಂಡಿನ ಪರೀಕ್ಷೆ ಮೂರು ಸಲ ಸುಸೂತ್ರವಾಗಿ ಮುಗಿದಿತ್ತು. ಅವತ್ತಿನದು ನೂರಾ ನಲವತ್ತು ಸೆಕೆಂಡಿನದು. ಅಂಥ ಎಂಜಿನ್ ಇದ್ದದ್ದು ಅದೊಂದೇ, ಮಾಡಲು ನಾಲ್ಕು ವರ್ಷ ಹಿಡಿದಿತ್ತು.

ಬಾಗಿಲು ಮುಚ್ಚಿತು. ಟ್ಯಾಂಕು ತುಂಬಿತು. ಇಪ್ಪತ್ತು ನಿಮಿಷ ಬಾಕಿ ಇರುವಾಗ ಒಂದು ಕೊಳವೆ ಸಾಕಷ್ಟು ತಣ್ಣಗಾಗಿಲ್ಲವೆಂದು ಎಣಿಕೆ ನಿಲ್ಲಿಸಿದರು. ಇದು ಮಾಮೂಲು. ಎಣಿಕೆಯವಳು ತನ್ನ ಮಗುವಿನ ಸ್ವೆಟರ್ ಹೆಣೆಯಲು ಕೂತಳು. ಡೈರೆಕ್ಟರರು ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತರು. ನನ್ನ ಪಕ್ಕದ ಕುಂಟು ಕುರ್ಚಿಗೆ ಜಿಡ್ಡಣ್ಣ ಫ್ಲಾಸ್ಕ್ ಹಿಡಿದು ಬಂದ.

ಜಿಡ್ಡಣ್ಣ ಎಂಜಿನ್ನಿಗೆ ಒತ್ತಡ ಅಳೆಯುವ ಸೆನ್ಸರ್ ಕೂರಿಸುವ ಮೆಕ್ಯಾನಿಕ್. ಮೈಮೇಲೆ ಗ್ರೀಸಿನ ಕಲೆಯಿಲ್ಲದೆ ಅವನನ್ನು ಕಂಡವರಿಲ್ಲ, ಅದಕ್ಕೇ ಆ ಹೆಸರು. ನಿವೃತ್ತಿಗೆ ಮೂರು ವಾರ ಉಳಿದಿತ್ತು. ನನ್ನ ಹದಿಮೂರು ಪರೀಕ್ಷೆಗಳಿಗೂ ಸೆನ್ಸರ್ ಕೂರಿಸಿದವನು ಅವನೇ.

"ಈಗಿನ ಸೆನ್ಸರ್ ನೋಡಿದ್ರೆ ಹೊಟ್ಟೆಕಿಚ್ಚಾಗುತ್ತೆ ಅಕ್ಕ," ಎಂದು ಲೋಟಕ್ಕೆ ಟೀ ಬಗ್ಗಿಸಿದ. "ಗೋಡೆಗೆ ಸಮಾ ಕೂರುತ್ತೆ, ಬೆಂಕಿಗೆ ಮುಖ ಕೊಟ್ಟು. ಗ್ರೀಸ್ ಬೇಡ, ಏನೂ ಬೇಡ. ನಮ್ಮ ಕಾಲದಲ್ಲಿ ಅದನ್ನ ಹಸುಗೂಸಿನ ಹಾಗೆ ನೋಡ್ಕೋಬೇಕಿತ್ತು."

"ಏನು ನೋಡ್ಕೋತಿದ್ರಿ?" ಎಂದೆ, ಸುಮ್ಮನೆ ಮಾತಿಗೆ.

"ಸುಟ್ಟು ಹೋಗುತ್ತೆ ಅಂತ ಸೆನ್ಸರನ್ನ ಒಂದು ಗೇಣು ಹಿಂದಕ್ಕೆ, ಸಣ್ಣ ನಳಿಗೆ ಕೊನೇಲಿ ಇಡ್ತಿದ್ವಲ್ಲ. ಆ ನಳಿಗೆಗೆ ಬೆರಳಲ್ಲಿ ಗ್ರೀಸ್ ತುಂಬ್ತಿದ್ದೆ. ಸೆನ್ಸರ್ ಜೊತೆ ಬಂದ ಪುಸ್ತಕದಲ್ಲಿ ಒಂದು ಚೂರು ಸಾಕು ಅಂತಿತ್ತು. ಸುಟ್ಟೋದ್ರೆ ನಿಮ್ಮ ಕಣ್ಣಲ್ಲಿ ನೀರು ಬರ್ತಿತ್ತಲ್ಲ, ಅದಕ್ಕೆ ನಾನು ಬಾಯಿ ತನಕ ತುಂಬಿ ಗಟ್ಟಿ ಮಾಡ್ತಿದ್ದೆ." ನಕ್ಕ. "ಒಂದ್ಸಲ ಮಾತ್ರ ಮರೆತುಬಿಟ್ಟೆ. ಹನ್ನೊಂದನೇದ್ದು. ಅವತ್ತು ನನ್ನ ಹೆಂಡತಿ ಆಸ್ಪತ್ರೇಲಿದ್ಲು, ದೊಡ್ಡ ಮಗ ಹುಟ್ಟಿದ ದಿನ. ಗ್ರೀಸ್ ಇಲ್ದೆ ಹಾಗೇ ಕೂರಿಸಿ ಓಡಿದ್ದೆ. ಸೆನ್ಸರ್ ಸುಟ್ಟು ಕರಕಲಾಯ್ತು. ನೀವು ಬೈದಿರಿ ನೋಡಿ, ನಾನು ಸ್ಟೋರಿಗೆ ಹೋಗಿ ಅತ್ತುಬಿಟ್ಟೆ. ನಿಜ ಹೇಳೋಕೆ ಇಷ್ಟು ವರ್ಷ ಧೈರ್ಯ ಬರ್ಲಿಲ್ಲ. ಹೋಗೋ ಕಾಲ ಬಂತಲ್ಲ, ಹೇಳಿ ಹಗುರ ಆಗೋಣ ಅಂತ."

ಅವನು ಹಗುರಾದ. ನಾನು ಲೋಟ ಕೆಳಗಿಟ್ಟೆ.

ಗಟ್ಟಿಯಾಗಿ ತುಂಬಿದ ಒಂದು ಗೇಣು ಗ್ರೀಸು. ಸೆಕೆಂಡಿಗೆ ಸಾವಿರಾರು ಸಲ ನಡುಗುವ ಒತ್ತಡ ಅದರೊಳಗಿಂದ ದಾಟಿ ಸೆನ್ಸರಿಗೆ ಮುಟ್ಟುವ ಹೊತ್ತಿಗೆ ಏನು ಉಳಿಯುತ್ತದೆ? ಬಾಗಿಲು ಮುಚ್ಚಿ, ಅದರ ಮೇಲೆ ಹಾಸಿಗೆ ಒರಗಿಸಿ, ಒಳಗಿನ ಜಗಳ ಕೇಳಿಸಿಕೊಂಡ ಹಾಗೆ. ನಡುಕವನ್ನು ತಗ್ಗಿಸಿದ್ದು ನನ್ನ ವಿನ್ಯಾಸವಲ್ಲ, ಜಿಡ್ಡಣ್ಣನ ಬೆರಳು. ಹನ್ನೆರಡು ಸಲ ಸೆನ್ಸರಿನ ಕಿವಿ ಮುಚ್ಚಿತ್ತು, ಒಂದು ಸಲ ತೆರೆದಿತ್ತು. ಆ ಒಂದು ಸಲ, ಒತ್ತಡವನ್ನು ಗೆರೆಯಾಗಿ ದಾಖಲಿಸುವ ಕಾಗದದ ಸುರುಳಿಯ ಮೇಲೆ ಗೆರೆ ಹುಚ್ಚೆದ್ದು ಕಪ್ಪು ಪಟ್ಟಿಯಾಗಿತ್ತು. ಸುಟ್ಟುಹೋಗುವ ಸೆನ್ಸರ್ ಸಾಯುವ ಮುಂಚೆ ಒದ್ದಾಡಿದ್ದು ಎಂದು ನಾನು ಅದನ್ನು ಲೆಕ್ಕದಿಂದ ಕೈಬಿಟ್ಟಿದ್ದೆ. ದಪ್ಪ ತಾಮ್ರದ ಆ ಪುಟ್ಟ ಎಂಜಿನ್ ಮೂರು ಸೆಕೆಂಡ್ ಏನನ್ನಾದರೂ ತಡೆದುಕೊಳ್ಳುತ್ತಿತ್ತು. ಬಂಕರಿನ ಗೋಡೆಯ ಆಚೆ ಈಗ ಪರೀಕ್ಷಾ ಕಂಬದ ಮೇಲೆ ನಿಂತಿದ್ದ ತೆಳು ಗೋಡೆಯ ಎಂಜಿನ್ ತಡೆಯುವಂಥದ್ದಲ್ಲ.

ಎದ್ದು ಮುಂದಿನ ಸಾಲಿಗೆ ಹೋಗಿ ಡೈರೆಕ್ಟರರ ಪಕ್ಕ ಕೂತು, ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದೆ. ಅವರು ಕಣ್ಣು ತೆರೆಯದೆ ಕೇಳಿದರು.

"ಅನುಮಾನಾನೋ, ಖಚಿತಾನೋ?"

"ಖಚಿತ ಅಂತ ಇಲ್ಲಿ ಕೂತು ಹೇಗೆ ಹೇಳ್ಲಿ ಸರ್? ಗ್ರೀಸಿನ ಲೆಕ್ಕ ಹಾಕಬೇಕು. ಎರಡು ವಾರ ಬೇಕು."

"ಎರಡು ಸೆಕೆಂಡಿಂದು ಮೂರು ಸಲ ಆಯ್ತಲ್ಲ. ಏನೂ ಆಗ್ಲಿಲ್ಲ."

"ಎರಡು ಸೆಕೆಂಡಲ್ಲಿ ಅದು ಏಳದೇ ಇರಬಹುದು."

ಅವರು ಕಣ್ಣು ತೆರೆದರು. ಎಂದೂ ನನ್ನ ಮೇಲೆ ದನಿ ಏರಿಸಿದವರಲ್ಲ, ಅವತ್ತೂ ಏರಿಸಲಿಲ್ಲ. "ಇವತ್ತು ನಿಂತ್ರೆ ಇದು ಮತ್ತೆ ಶುರುವಾಗೋದು ಯಾವಾಗಲೋ. ಈ ಕೋಣೇಲಿರೋ ಎಲ್ಲರ ನಾಲ್ಕು ವರ್ಷ ಹೊರಗೆ ಆ ಕಂಬದ ಮೇಲಿದೆ. ಇರಲಿ, ಅದನ್ನ ಬಿಡು. ಮೂವತ್ತೆಂಟು ತಪ್ಪು ಅಂದ್ರೆ ನೀನ್ಯಾರು, ನಾನ್ಯಾರು? ಯೋಚನೆ ಮಾಡು. ಅನುಮಾನಕ್ಕೆ 'ಇಲ್ಲ' ಅನ್ನೋ ಪದ್ಧತಿ ನಮ್ಮಲ್ಲಿಲ್ಲ."

ಆ ಪದ್ಧತಿ ಇಲ್ಲದಿದ್ದುದು ನಿಜ. ನಲವತ್ತೊಂದು ಪರೀಕ್ಷೆಯಲ್ಲಿ ಯಾರೂ 'ಇಲ್ಲ' ಎಂದದ್ದಿಲ್ಲ. ಹಾಗೆ ಎಂದವರು ಕೆಂಪು ರಟ್ಟಿನ ಪುಸ್ತಕದಲ್ಲಿ ತಮ್ಮ ಕೈಯಾರೆ ಕಾರಣ ಬರೆಯಬೇಕು, ಅದರ ಕೆಳಗೆ ಒಳಗಿರುವ ಎಲ್ಲರೂ ಸಹಿ ಹಾಕಬೇಕು ಎಂದು ನಿಯಮವಿತ್ತು. ಒಮ್ಮೆ ಸಹಿ ಬಿದ್ದ ಮೇಲೆ ಒಂದು ಅಕ್ಷರ ತಿದ್ದಬೇಕಾದರೂ ಮತ್ತೆ ಎಲ್ಲರ ಸಹಿ ಬೇಕು. ಪುಸ್ತಕದ ಮೊದಲ ಪುಟವೇ ಖಾಲಿಯಿತ್ತು.

ನನ್ನ ಜಾಗಕ್ಕೆ ಹಿಂದಿರುಗಿ ಕೂತೆ. ಫ್ಯಾನು ಎಂದಿನಂತೆ ತಿರುಗುತ್ತಲೇ ಇತ್ತು. ನಾಚಿಕೆ, ಭಯ ಎಲ್ಲ ಇದ್ದವು, ಅವುಗಳ ಅಡಿಯಲ್ಲಿ ಕುದಿಯುತ್ತಿದ್ದ ಸಿಟ್ಟು ಬೇರೆ. ಈ ಅಂಕಿಗಾಗಿ ನಾನು ಹೃದಯದ ಕವಾಟ ಬಿಟ್ಟೆ. ಮಗಳ ಶಾಲೆಯ ನಾಟಕಗಳನ್ನು ಬಿಟ್ಟೆ. ಇಪ್ಪತ್ತೆರಡು ವರ್ಷ ಒಂದು ಕೋಣೆಯಲ್ಲಿ ಕೂಡಿಹಾಕಿಸಿಕೊಂಡು, ಈಗ ನೋಡಿದರೆ ಆ ಕೋಣೆಯ ಗೋಡೆ ಗ್ರೀಸಿನದು.

ಎಣಿಕೆ ಮತ್ತೆ ಶುರುವಾಯಿತು. ಎಣಿಕೆಯವಳು ಸ್ವೆಟರ್ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡಳು. ಹದಿನೈದು ನಿಮಿಷ, ಹತ್ತು ನಿಮಿಷ. ನಾನು 'ಇಲ್ಲ' ಎಂಬ ಎರಡಕ್ಷರವನ್ನು ಮನಸ್ಸಿನಲ್ಲೇ ಹೇಳಿ ಹೇಳಿ ಅಭ್ಯಾಸ ಮಾಡಿದೆ.

"ಇಂಧನ?"

"ಸಿದ್ಧ."

"ವಾಲ್ವ್?"

"ಸಿದ್ಧ."

"ಸೆನ್ಸರ್?"

"ಸಿದ್ಧ," ಎಂದ ಜಿಡ್ಡಣ್ಣ, ಪರೀಕ್ಷೆಗೆ ಬಂದ ಹುಡುಗನಂತೆ ನೆಟ್ಟಗೆ ಕೂತು.

"ಲೆಕ್ಕ?"

"ಸಿದ್ಧ," ಎಂದೆ.

ಎಂದವಳು ನಾನೇ. ದನಿಯೂ ನನ್ನದೇ. ಕೇಳಿದ ಕೂಡಲೇ ಬಾಯಿ ತನ್ನ ಪಾಡಿಗೆ ತಾನು ಹೇಳಿಬಿಟ್ಟಿತು, ಯಾರೋ ಹೆಸರು ಹಿಡಿದು ಕರೆದರೆ 'ಆಂ' ಎನ್ನುವ ಹಾಗೆ. ಡೈರೆಕ್ಟರರು ಹಿಂತಿರುಗಿ ನೋಡಿ ಮೆಲ್ಲಗೆ ತಲೆದೂಗಿದರು. ಆ ತಲೆದೂಗುವಿಕೆಯಲ್ಲಿ ಎಷ್ಟು ನಂಬಿಕೆ ಇತ್ತೆಂದರೆ, ಅಲ್ಲೇ ಅಳು ಬಂತು.

ಉಳಿದದ್ದು ಆರು ನಿಮಿಷ. ಹೇಳಿದ ಮಾತನ್ನು ಹಿಂದಕ್ಕೆ ಪಡೆಯುವ ಪದ್ಧತಿಯೂ ಇರಲಿಲ್ಲ. ಇದ್ದದ್ದು ಎಣಿಕೆಯವಳ ಮೇಜಿನ ಹಿಂದೆ, ಗೋಡೆಯ ಮೇಲಿನ ಕೆಂಪು ಹಿಡಿ ಒಂದೇ. ಯಾರು ಬೇಕಾದರೂ ಎಳೆಯಬಹುದು, ಕಾರಣ ಕೇಳದೆ ಎಲ್ಲ ವಾಲ್ವುಗಳೂ ಮುಚ್ಚಿಕೊಳ್ಳುತ್ತವೆ. ಅದನ್ನು ಯಾರೂ ಎಳೆದಿರಲಿಲ್ಲ. ನನ್ನ ಕುರ್ಚಿಯಿಂದ ಅದಕ್ಕೆ ಒಂಬತ್ತು ಹೆಜ್ಜೆ, ನಡುವೆ ಹನ್ನೊಂದು ಜನ. ನಾಲ್ಕು ನಿಮಿಷ ಎಂದಳು. ಕಾಲು ಏಳಲಿಲ್ಲ. ಎರಡು ನಿಮಿಷ ಎಂದಳು. ಬಹುಶಃ ಏನೂ ಆಗುವುದಿಲ್ಲ, ಅರ್ಧಕ್ಕರ್ಧ ಅವಕಾಶವಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಆಗ ಪಕ್ಕದಲ್ಲಿ ಜಿಡ್ಡಣ್ಣ ಪರದೆಯ ಮೇಲಿನ ಎಂಜಿನ್ನನ್ನು ನೋಡುತ್ತಾ, "ಇದನ್ನ ನೋಡಿ ಹೋಗ್ತೀನಲ್ಲ, ಸಾಕು ಅಕ್ಕ," ಎಂದ.

ನಾನು ಎದ್ದೆ. ಯಾರದೋ ಕಾಲು ತುಳಿದೆ. ಐವತ್ತು ಎಂದಳು. ನಲವತ್ತೈದು ಎನ್ನುತ್ತಾ ನನ್ನನ್ನು ಕಂಡು, ದನಿ ನಿಲ್ಲಿಸದೆ ಕಣ್ಣು ಮಾತ್ರ ಅಗಲಿಸಿದಳು. ಹಿಡಿ ಹಿಡಿದು ಕೆಳಕ್ಕೆ ಎಳೆದೆ. ಎಷ್ಟೋ ವರ್ಷ ಯಾರೂ ಮುಟ್ಟದ್ದು, ಬಿಗಿಯಾಗಿರುತ್ತದೆಂದು ಮೈಭಾರವೆಲ್ಲ ಬಿಟ್ಟಿದ್ದೆ. ಅದು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯಿತು, ನಾನು ಮುಗ್ಗರಿಸಿ ಗೋಡೆಗೆ ಹಣೆ ಬಡಿಸಿಕೊಂಡೆ. ಆಮೇಲೆ ಗೊತ್ತಾಯಿತು, ಜಿಡ್ಡಣ್ಣ ತಿಂಗಳಿಗೊಮ್ಮೆ ಅದಕ್ಕೂ ಗ್ರೀಸ್ ಹಚ್ಚುತ್ತಿದ್ದನಂತೆ.

ಪರದೆಗಳೆಲ್ಲ ಹಳದಿಗೆ ತಿರುಗಿದವು. ಹೊರಗೆ ವಾಲ್ವುಗಳು ಮುಚ್ಚಿಕೊಂಡ ಸದ್ದು ಕಾಂಕ್ರೀಟಿನ ಮೂಲಕ ಬಂತು. ಎಣಿಕೆಯವಳು ಎದ್ದು ನಿಂತು, ಪಾಪ, ನಿಯಮದಂತೆ ಕೇಳಿದಳು, "ನಿಲ್ಲಿಸಿದ್ದು ಯಾರು?"

"ಲೆಕ್ಕ," ಎಂದೆ, ಹಣೆ ಹಿಡಿದುಕೊಂಡು.

ಟ್ಯಾಂಕಿನ ಇಂಧನ ಇಳಿಸಲು ಶುರುಮಾಡಿದರು. ನಾಲ್ಕು ಗಂಟೆ. ಯಾರ ನಾಲ್ಕು ವರ್ಷವನ್ನು ನಿಲ್ಲಿಸಿದ್ದೆನೋ ಅವರ ಜೊತೆಯಲ್ಲೇ ನಾಲ್ಕು ಗಂಟೆ, ಕಿಟಕಿಯಿಲ್ಲದ ಕೋಣೆಯಲ್ಲಿ. ವಾಲ್ವಿನವನು ನನ್ನ ಕಡೆ ಬೆನ್ನು ಹಾಕಿ ಕೂತ. ಇಂಧನದವನು ಶೌಚಾಲಯಕ್ಕೆ ಹೋಗಿ ಇಪ್ಪತ್ತು ನಿಮಿಷ ಕೆಮ್ಮಿದ. ಯಾರೋ ಬಿಸ್ಕತ್ತಿನ ಡಬ್ಬಿ ತೆಗೆದು ಸುತ್ತಲೂ ಕೊಡುತ್ತಾ ಬಂದು, ನನ್ನ ಮುಂದೆ ಒಂದು ಗಳಿಗೆ ತಡೆದು, ಆಮೇಲೆ ನನಗೂ ಹಿಡಿದರು. ಆ ಒಂದು ಗಳಿಗೆ ನನಗೆ ಈಗಲೂ ನೆನಪಿದೆ.

ಕೆಂಪು ಪುಸ್ತಕವನ್ನು ನನ್ನ ಮುಂದೆ ಇಟ್ಟರು. ನಾನು ಪೆನ್ನು ತೆಗೆಯುವ ಮುಂಚೆ ಜಿಡ್ಡಣ್ಣ ಕುರ್ಚಿ ಹತ್ತಿರ ಎಳೆದುಕೊಂಡ. ಡೈರೆಕ್ಟರರ ಜೊತೆ ನಾನು ಮಾತಾಡಿದ್ದು ಅವನ ಕಿವಿಗೆ ಬಿದ್ದಿತ್ತೋ, ತಾನೇ ಕೂಡಿಸಿ ತಿಳಿದುಕೊಂಡನೋ. ಅವನ ಮುಖ ಬಿಳಿಚಿಕೊಂಡಿತ್ತು.

"ನನ್ನ ಹೆಸರು ಬರೀರಿ ಅಕ್ಕ. ಗ್ರೀಸ್ ನಂದು. ಸೆನ್ಸರ್ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ತುಂಬಿದ್ದು ನಾನು. ಇನ್ನು ಮೂರು ವಾರ, ನನ್ನನ್ನ ಯಾರೇನು ಮಾಡ್ತಾರೆ? ನೀವು ಇನ್ನೂ ಇರಬೇಕಾದವರು."

ಆ ಕೋಣೆಯಲ್ಲಿ ಅವತ್ತು ನನಗೆ ಕಂಡ ಒಂದೇ ಬಾಗಿಲು ಅದು. ತೆರೆದೇ ಇತ್ತು. ಜಿಡ್ಡಣ್ಣನ ಬೆನ್ನ ಮೇಲೆ ಕಾಲಿಟ್ಟು ದಾಟಿದರೆ ನಾನು ಹೊರಗೆ. ದಾಟುವ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಒಂದೆರಡು ನಿಮಿಷ ಕೂತಿತ್ತು ಕೂಡ.

"ಗ್ರೀಸ್ ತುಂಬಿದ್ದು ನೀವು ಜಿಡ್ಡಣ್ಣ. ಕಾಗದ ಓದಬೇಕಾಗಿದ್ದೋಳು ನಾನು," ಎಂದು ಬರೆಯತೊಡಗಿದೆ.

ಹೀಗೆ ಬರೆದೆ: ಮೂವತ್ತೆಂಟು ಎಂಬ ಅಂಕಿ ತಪ್ಪಿರುವ ಸಂಭವವಿದೆ. ಅಂದಿನ ಅಳತೆಗಳಲ್ಲಿ ಸೆನ್ಸರಿನ ಮುಂದಿದ್ದ ಗ್ರೀಸು ನಡುಕವನ್ನು ಅಡಗಿಸಿರಬಹುದು. ಹನ್ನೊಂದನೇ ಪರೀಕ್ಷೆಯಲ್ಲಿ ಗ್ರೀಸು ಇರಲಿಲ್ಲ, ಅದರಲ್ಲಿ ನಡುಕ ದಾಖಲಾಗಿತ್ತು. ಸೆನ್ಸರ್ ಕೆಟ್ಟಿದೆಯೆಂದು ಆ ಪರೀಕ್ಷೆಯನ್ನು ಕೈಬಿಡಲಾಯಿತು. ನಡುಕ ನಿಜವಾದದ್ದು ಎಂಬುದು ಲೆಕ್ಕದವಳ ಗಮನಕ್ಕೆ ಬರಲಿಲ್ಲ.

ಕೊನೆಯ ವಾಕ್ಯದ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಪುಸ್ತಕವನ್ನು ಮುಂದಕ್ಕೆ ತಳ್ಳಿದೆ.

ಒಬ್ಬೊಬ್ಬರೇ ಓದಿ ಸಹಿ ಹಾಕಿದರು. ಬೆನ್ನು ಹಾಕಿ ಕೂತಿದ್ದ ವಾಲ್ವಿನವನು ಎರಡು ಸಲ ಓದಿ, ಸಹಿ ಹಾಕಿ, "ಅಕ್ಕ, ಹಣೆಗೆ ತಣ್ಣೀರು ಹಾಕ್ಕೊಳ್ಳಿ, ಊದ್ತಿದೆ," ಎಂದ. ಕೊನೆಗೆ ಪುಸ್ತಕ ಡೈರೆಕ್ಟರರ ಮುಂದೆ ಬಂತು. ಅವರು ಕನ್ನಡಕ ತೆಗೆದು ಒರೆಸಿದರು. ಒಮ್ಮೆಗೇ ಮುದುಕರಾಗಿಬಿಟ್ಟಿದ್ದರು.

"ಹನ್ನೊಂದನೇ ಕಾಗದ ಇದೆಯೇನಮ್ಮ? ಕಚೇರಿ ಕಪಾಟಲ್ಲಿ ಹನ್ನೆರಡೇ ಇರೋದು ಅಂತ ನೆನಪು."

"ಮನೇಲಿದೆ ಸರ್."

ಬೇಡವೆಂದು ಬಿಟ್ಟದ್ದನ್ನು ಮನೆಯಲ್ಲಿ ಇಪ್ಪತ್ತೆರಡು ವರ್ಷ ಯಾಕೆ ಇಟ್ಟುಕೊಂಡಿದ್ದೆ ಎಂದು ಅವರು ಕೇಳಬಹುದಿತ್ತು. ನನ್ನನ್ನೇ ನೋಡಿದರು, ಕೇಳಲಿಲ್ಲ. "ನಾಳೆ ತಗೊಂಡು ಬಾ," ಎಂದು ಸಹಿ ಹಾಕಿ, ಅದರ ಕೆಳಗೆ ಇನ್ನೊಂದು ಸಾಲು ಬರೆದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಅಲ್ಲಿ ಇಷ್ಟೇ ಇತ್ತು: ಹೊಸ ಅಂಕಿ ಕಂಡುಹಿಡಿಯುವ ಹೊಣೆ ಲೆಕ್ಕದವಳದ್ದೇ.

"ಇನ್ಯಾರಿಗೆ ಗೊತ್ತಾಗುತ್ತೆ ಹೇಳು?" ಎಂದರು. ವ್ಯಂಗ್ಯವಿರಲಿಲ್ಲ, ಕರುಣೆಯೇ ಇತ್ತು.

ನನ್ನನ್ನು ತೆಗೆದುಹಾಕುತ್ತಾರೆ ಎಂದು ಇಡೀ ಮಧ್ಯಾಹ್ನ ಹೆದರಿ ಕೂತಿದ್ದೆ ಎಂದುಕೊಂಡಿದ್ದೆ. ಆ ಸಾಲು ಓದಿದಾಗ ತಿಳಿಯಿತು, ಅದು ಹೆದರಿಕೆಯಲ್ಲ, ಆಸೆ. ನಿವೃತ್ತಿಗೆ ಎಂಟು ವರ್ಷವಿತ್ತು. ಮತ್ತೆ ಹದಿಮೂರು ಪರೀಕ್ಷೆ, ಮತ್ತೊಂದು ಅಂಕಿ, ಅದಕ್ಕೂ ಅಕ್ಕನ ಹೆಸರು. ನಾಲ್ಕೂವರೆಗೆ ಉಕ್ಕಿನ ಬಾಗಿಲು ತೆರೆಯಿತು. ಎಲ್ಲರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹೊರಗೆ ಹೋದರು. ನಾನೂ ಹೋದೆ. ಎಂಜಿನ್ ಕಂಬದ ಮೇಲೆ ಹೊಳೆಯುತ್ತಾ ಹಾಗೇ ನಿಂತಿತ್ತು, ಜಿಡ್ಡಣ್ಣ ಅದನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಂತ.

ಮನೆಯಲ್ಲಿ ಗಂಡ ಹಣೆ ನೋಡಿ ಗಾಬರಿಯಾಗಿ ಐಸ್ ತಂದ. ನಾನು ಹೇಳಿದ್ದನ್ನೆಲ್ಲ ಕೇಳಿ, ನನ್ನ ಹಣೆಗೆ ಐಸ್ ಹಿಡಿದುಕೊಂಡು ಕೂತ. ನಾನು ಬಟ್ಟೆಯ ಬೀರುವಿನ ಕೆಳಗಿನ ಖಾನೆಯಿಂದ ಚಳಿಗಾಲದ ಶಾಲುಗಳನ್ನು ತೆಗೆದು ಅವುಗಳ ಅಡಿಯಿಂದ ಸುರುಳಿಯನ್ನು ಹೊರತೆಗೆದೆ. ಮನೆ ಮೂರು ಸಲ ಬದಲಾಯಿಸಿದ್ದೇವೆ, ಮೂರು ಸಲವೂ ಅದನ್ನು ನಾನೇ ಕೈಯಲ್ಲಿ ಹಿಡಿದು ಸಾಗಿಸಿದ್ದೆ.

"ಏನಮ್ಮ ಅದು?" ಎಂದು ಮಗಳು ಬಂದಳು.

"ಒಂದು ತುದಿ ಹಿಡ್ಕೋ."

ಅವಳು ತುದಿ ಹಿಡಿದು ನಡುಮನೆಯ ಉದ್ದಕ್ಕೂ ಹಿಂದೆ ಹಿಂದೆ ನಡೆದಳು. ಹಳದಿಗಟ್ಟಿದ ಕಾಗದ ನಮ್ಮಿಬ್ಬರ ನಡುವೆ ಬಿಚ್ಚಿಕೊಂಡಿತು. ನಾನು ಮೊಣಕಾಲೂರಿ ಅಳತೆಪಟ್ಟಿ ಇಟ್ಟೆ. ಮೇಲಿನ ಗೆರೆ ಒತ್ತಡ, ಕೆಳಗಿನ ಗೆರೆ ಸೆನ್ಸರಿನ ಬಿಸಿ. ಇದು ಏನು, ಅದು ಏನು ಎಂದು ಅವಳು ಕೇಳುತ್ತಾ ಹೋದಳು, ನಾನು ಹೇಳುತ್ತಾ ಹೋದೆ. ಸೆನ್ಸರ್ ಸುಡತೊಡಗಿದರೆ ಕೆಳಗಿನ ಗೆರೆ ಮೇಲೇಳುತ್ತದೆ ಎಂದೆ.

ಅವಳು ಬಗ್ಗಿ ನೋಡಿದಳು. ಶಾಲೆಯ ಹುಡುಗಿಗೂ ಕಾಣುವಂಥದ್ದೇ.

"ಇಲ್ಲಿ ಮೇಲಿನ ಗೆರೆ ಕಪ್ಪಾಗಿದೆ. ಆದ್ರೆ ಕೆಳಗಿನದ್ದು ಇನ್ನೂ ಸಪಾಟಾಗೇ ಇದೆ. ಅದು ಏಳೋದು ಇಷ್ಟು ದೂರ ಆದ್ಮೇಲೆ, ನೋಡು. ಅಂದ್ರೆ ನಡುಗೋಕೆ ಶುರುವಾದಾಗ ಸೆನ್ಸರ್ ಚೆನ್ನಾಗೇ ಇತ್ತು, ಅಲ್ವಾ?"

"ಹೌದು."

"ಇಷ್ಟು ಸ್ಪಷ್ಟವಾಗಿದೆಯಲ್ಲಮ್ಮ. ಆಗ ನಿನಗೆ ಕಾಣಿಸ್ಲಿಲ್ವಾ?"

ಕಾಗದದ ಆ ಜಾಗದಲ್ಲಿ, ಕಪ್ಪು ಪಟ್ಟಿ ಶುರುವಾಗುವ ಕಡೆ, ಪೆನ್ಸಿಲಿನಲ್ಲಿ ಎಳೆದ ಸಣ್ಣದೊಂದು ಅಡ್ಡಗೆರೆ ಇತ್ತು. ಕೆಳಗಿನ ಗೆರೆ ಮೇಲೇಳುವ ಕಡೆ ಇನ್ನೊಂದು. ಎರಡರ ನಡುವೆ ಮೂವತ್ತನೇ ವಯಸ್ಸಿನ ನನ್ನ ಗುಂಡನೆಯ ಕೈಬರಹದಲ್ಲಿ ಸೆಕೆಂಡಿನ ಲೆಕ್ಕ. ಪ್ರಬಂಧ ಕೊಡಲು ಆಗ ಮೂರು ವಾರವಿತ್ತು. ಕೆಲಸ ಖಾಯಂ ಆಗುವುದು ಅದರ ಮೇಲೆ ನಿಂತಿತ್ತು. ಹನ್ನೆರಡು ಕಾಗದ ಒಂದು ಮಾತು ಹೇಳುತ್ತಿದ್ದವು, ಇದೊಂದು ಬೇರೆ ಹೇಳುತ್ತಿತ್ತು.

"ಕಾಣಿಸಿತ್ತು," ಎಂದೆ.

ಅವಳು ತನ್ನ ತುದಿಯನ್ನು ಬಿಡದೆ ನನ್ನನ್ನೇ ನೋಡಿದಳು. ನಾನು ಸುರುಳಿ ಸುತ್ತತೊಡಗಿದೆ. ಬೆಳಗ್ಗೆ ಬೇಗ ಹೋಗಬೇಕಿತ್ತು. ಕೆಂಪು ಪುಸ್ತಕದಲ್ಲಿ ನಾನು ಬರೆದ ಕೊನೆಯ ಸಾಲು ತಿದ್ದಬೇಕಿತ್ತು, ಅದಕ್ಕೆ ಹನ್ನೊಂದು ಜನರಲ್ಲಿ ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗಿ, ಮತ್ತೆ ಸಹಿ ಕೇಳಬೇಕಿತ್ತು.